ಮರಳಿಯ ಕೌದಿ ಗಂಟುಗಳು

ಗಂಗಾವತಿ ದಾಟಿ ಕಾರಟಗಿ ದಿಕ್ಕಿಗೆ ಹೊರಟರೆ ರಸ್ತೆಯ ಎರಡೂ ಮಗ್ಗುಲಿಗೆ ಭತ್ತದ ಗದ್ದೆ, ನಡುನಡುವೆ ಅಕ್ಕಿ ಗಿರಣಿಗಳು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದು, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಸೀಮೆ ಭತ್ತದ ಕಣಜವಾಯಿತು. ಮರಳಿ ಈ ಹಸಿರಿನ ನಡುವಿನ ಊರು. ಹಂಪಿ, ಆನೆಗೊಂದಿ ನೋಡಲು ಬಂದವರು ಇತ್ತ ತಿರುಗುವುದು ಅಪರೂಪ. ನಾನು ಹೋದದ್ದು ಕೌದಿ ನೋಡಲು.

ನೋಡಿದ್ದು ಮಾತ್ರ ಗಂಟುಗಳನ್ನು! ಹಳೆಯ ಮಣ್ಣಿನ ಮಾಳಿಗೆಯ ಮಗ್ಗುಲಲ್ಲೇ ಮಗ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಗೃಹಪ್ರವೇಶಕ್ಕೆ ಇನ್ನೊಂದು ವಾರ. ಅಟ್ಟ, ನಾಗಂದಿಗೆ, ಮಂಚದ ಕೆಳಗು ಎಲ್ಲ ಖಾಲಿಯಾಗಿ ಪಡಸಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅರಿವಿ ಗಂಟುಗಳು ಬಿದ್ದಿದ್ದವು. ನಡುವೆ ಎಪ್ಪತ್ತು ದಾಟಿದ ಅಮ್ಮ. ಓಣಿಯ ಎಷ್ಟೋ ಮನೆಗಳ ತೊಟ್ಟಿಲಿಗೆ, ಮದುವೆಗೆ ಕೌದಿ ಹೊಲಿದುಕೊಟ್ಟ ಕೈ ಅವರದು.

‘ಸುಟ್ಟಬಿಡು ಅಂತಾನ ನನ್ನ ಮಗ. ಉಟ್ಟ ಅರಿವಿ ಯಾವಾಗ ಸುಡತಾರ ಅಂತ ಅವನಿಗೆ ಗೊತ್ತಿಲ್ಲೇನು ತಮ್ಮಾ?’ ಎಂದರು. ಸೊಸೆ ಚಹಾ ತಂದಿಟ್ಟು ನಕ್ಕಳು: ‘ಅತ್ತಿ ಒಂದ ಗಂಟ ಬಿಚ್ಚಿದ್ರ ಒಂದ ದಿನಾ ಹೋಗತೈತ್ರಿ.’

ಹೋಗದೆ ಏನು? ಒಂದೊಂದು ಚೂರಿಗೂ ಒಂದೊಂದು ಕತೆ. ಇಳಕಲ್ ಸೀರೆಯ ತೋಪತೆನೆ ಸೆರಗು ತವರಿನದು. ಖಣದ ಚೂರು ತಂಗಿಯ ಸೀಮಂತದ್ದು. ಮಾಸಿದ ಧೋತ್ರ ಯಜಮಾನರದು. ಅವರು ಹೋಗಿ ಹನ್ನೆರಡು ವರ್ಷ.

ಕೌದಿ ಎಂಬುದು ಹಾಸಿ ಹೊದೆಯುವ ವಸ್ತು ಮಾತ್ರವಲ್ಲ, ಮನೆಯನ್ನು ಹಗುರ ಮಾಡುವ ಉಪಾಯವೂ ಹೌದು. ಅಡಿಗೆ ಒಂದು ಇಡೀ ಹಳೆಯ ಸೀರೆ, ಅದರ ಮೇಲೆ ಮೆತ್ತಗಾದ ಅರಿವಿಯ ಪದರಗಳು, ಮೇಲೆ ಬಣ್ಣಬಣ್ಣದ ಚೂರು. ಅಂಚಿನಿಂದ ಹೊರಟ ಸಾಲು ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಹೊಲಿಯುವಾಗ ಧೋತ್ರ ಧೋತ್ರವಾಗಿ ಉಳಿಯುವುದಿಲ್ಲ, ಕಳೆದೂ ಹೋಗುವುದಿಲ್ಲ. ಮೊಮ್ಮಗ ಅದರ ಮೇಲೆ ಉಚ್ಚೆ ಹೊಯ್ಯುತ್ತಾನೆ, ದಸರೆಗೆ ಮುಂಚೆ ಕಾಲುವೆಗೆ ಒಯ್ದು ಒಗೆಯುತ್ತಾರೆ, ಹತ್ತಿಪ್ಪತ್ತು ವರ್ಷಕ್ಕೆ ಸವೆದು ಅದೇ ಇನ್ನೊಂದು ಕೌದಿಯ ಒಳಪದರವಾಗುತ್ತದೆ. ಊರಿನ ಹೆಸರೇ ಮರಳಿ, ಇಲ್ಲಿ ಅರಿವಿಯೂ ಮರಳಿ ಬರುತ್ತಿತ್ತು ಎನ್ನಿ.

ಧಾರವಾಡದ ಕಡೆ ಗೊಂದಲಿಗರ ಹೆಂಗಸರು ಮನೆಮನೆಗೆ ಹೋಗಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಮೂಲೆಗಳಿಗೆ ಮಡಿಸಿದ ತ್ರಿಕೋನದ ‘ಫುಲಾ’ ಕೂಡಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಎನ್ನುವುದು ಅವರ ಮಾತು. ಕೊಪ್ಪಳದ ಕಿನ್ನಾಳದಲ್ಲಂತೂ ಗೊಂಬೆ ಮಾಡುವವರು ಗೋಣಿಚೂರನ್ನು ಕೊಳೆಸಿ, ಪುಡಿಮಾಡಿ, ಅಂಟಿನೊಡನೆ ಕಲಸಿ ‘ಕಿಟ್ಟ’ ಮಾಡಿಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ಚಿಂದಿಗೂ ಕೆಲಸವಿತ್ತು.

ಹಾಗಾದರೆ ಈ ರಾಶಿ ಎಲ್ಲಿಂದ ಬಂತು? ಅಮ್ಮನ ಉತ್ತರ ಸರಳ. ನೂಲಿನ ಸೀರೆ ಹೋಗಿ ಸಿಂಥೆಟಿಕ್ ಬಂತು. ಅದು ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ. ಪದರ ಹಾಸಿದರೆ ಜಾರುತ್ತದೆ. ಎರಡು ಬೆಳೆಯ ಕಾಲ ಬಂದ ಮೇಲೆ ಬೇಸಿಗೆಯ ಬಿಡುವೂ ಹೋಯಿತು, ಹೆಂಗಸರು ನಾಟಿಗೆ ನಡೆದರು. ಸಂತೆಯಲ್ಲಿ ಬ್ಲಾಂಕೆಟ್ಟು ಅಗ್ಗ. ಹೊಲಿಗೆ ನಿಂತಿತು, ಅರಿವಿ ಕೂಡಿಡುವ ಚಟ ಮಾತ್ರ ನಿಲ್ಲಲಿಲ್ಲ.

ಮನೆ ಖಾಲಿ ಮಾಡಿಕೊಳ್ಳುವುದು ಹೇಗೆಂದು ಕಲಿಸುವ ಪುಸ್ತಕಗಳಿಗೆ ಈಗ ಪೇಟೆಯಲ್ಲಿ ಬರವಿಲ್ಲ. 2014ರಲ್ಲಿ ಇಂಗ್ಲಿಷಿಗೆ ಬಂದ ಜಪಾನಿನ ಮರಿ ಕೊಂಡೊ ಅವರ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿದೆ. ಕೈಗೆತ್ತಿಕೊಂಡಾಗ ಸಂತೋಷ ಕೊಡುವುದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ, ನೆನಪಿನ ವಸ್ತುಗಳನ್ನು ಕಟ್ಟಕಡೆಗೆ ನೋಡಿ ಎಂಬುದು ಅವರ ಸೂತ್ರ. ಬುದ್ಧಿಯ ಮಾತೇ. ಆದರೆ ಅಲ್ಲಿ ಇರುವುದು ಎರಡೇ ದಾರಿ: ಇಡು, ಇಲ್ಲವೇ ಬಿಡು. ಕೈಗೆತ್ತಿಕೊಂಡರೆ ದುಃಖವಾಗುವ ಧೋತ್ರವನ್ನು ಏನು ಮಾಡಬೇಕು? ಟ್ರಂಕಿನಲ್ಲಿಟ್ಟರೆ ನುಸಿ ತಿನ್ನುತ್ತದೆ, ಬಿಸಾಕಲು ಮನಸ್ಸು ಬಾರದು. ಕೌದಿ ಮೂರನೆಯ ದಾರಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಬಿರುಸಾಯಿತು. ಸಿಂಥೆಟಿಕ್ ಸೀರೆಗಳಷ್ಟೂ ಪಾತ್ರೆಯವನ ಪಾಲು. ಹಳೇ ಅರಿವಿಗೆ ಸ್ಟೀಲಿನ ಬೋಗಾಣಿ ಕೊಡುವವನು ಓಣಿಯ ತುದಿಯಲ್ಲಿ ಕೂಗುತ್ತಿದ್ದ. ಅಮ್ಮ ಚೌಕಾಸಿ ಮಾಡಿ ಬೋಗಾಣಿಯ ಜೊತೆ ಒಂದು ಸೌಟನ್ನೂ ಗಿಟ್ಟಿಸಿಕೊಂಡರು. ಎಣ್ಣೆ, ಗ್ರೀಸು ಒರೆಸಲು ಬರುವಂಥವು ಟ್ರ್ಯಾಕ್ಟರ್ ಮೇಸ್ತ್ರಿಗೆ. ಗೆದ್ದಲು ಹತ್ತಿದ ಎರಡು ಗಂಟು ತಿಪ್ಪೆಗೆ ಹೋದವು; ಅದಕ್ಕೆ ಅಮ್ಮ ಮುಖ ಆಚೆ ತಿರುಗಿಸಿದರು.

ಕಡೆಗೆ ಉಳಿದದ್ದು ಮೂರು ಗಂಟು ನೂಲಿನ ಅರಿವಿ, ಆ ಧೋತ್ರ, ಒಂದು ಪುಟ್ಟ ಕುಂಚಿಗೆ. ಕುಂಚಿಗೆಯ ಅಂಚಿಗೆ ಕೆಂಪು ಪಟ್ಟಿ, ನೆತ್ತಿಯ ಮೇಲೆ ಕನ್ನಡಿ ಚೂರು. ‘ಇದು ಯಾರದಮ್ಮಾ?’ ಎಂದೆ. ‘ಮೊದಲನೇಕಿದು. ಉಳೀಲಿಲ್ಲ’ ಎಂದಷ್ಟೇ ಹೇಳಿದರು. ಅದಕ್ಕೆ ಕತ್ತರಿ ಹಾಕುವ ಮಾತೇ ಬರಲಿಲ್ಲ. ಮಡಿಸಿ, ಹೊಸ ಮನೆಗೆ ಒಯ್ಯುವ ಟ್ರಂಕಿನ ತಳಕ್ಕಿಟ್ಟರು.

ಧೋತ್ರವನ್ನು ಮಾತ್ರ ಸೊಸೆಯ ಮಡಿಲಿಗೆ ಹಾಕಿದರು. ನಡುವಷ್ಟೇ ತೆರೆದಿದ್ದ ಕೌದಿಯೊಂದು ಗಂಟಿನೊಳಗಿಂದ ಹೊರಬಂದಿತ್ತು. ಕಣ್ಣು ಮಂಜಾದ ಮೇಲೆ ಅದನ್ನು ಅವರು ಮುಂದುವರಿಸಿರಲಿಲ್ಲ. ಸೊಸೆ ಸೂಜಿ ಹಿಡಿದವಳಲ್ಲ. ಧೋತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಯಾವ ಬಣ್ಣದ ದಾರ ಹಾಕಲಿ ಅತ್ತಿ?’ ಎಂದಳು.

‘ಬಿಳೀದ ಹಾಕು. ಸಾಲು ಸೊಟ್ಟ ಹೋದ್ರ ನನಗ ಕಾಣಬೇಕು.’