ಸರೋವರಗಳ ಸೀಮೆಯಲ್ಲಿ ದೋಣಿಯ ವ್ಯಾಪಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರದ ಅಂಚಿನಲ್ಲಿ, ಕೆನಡಾ ದೇಶದ ಗಡಿಗೆ ತಾಗಿಕೊಂಡು, ಮಿನ್ನೆಸೋಟವೆಂಬ ಸಂಸ್ಥಾನವಿರುವುದು. ‘ಹತ್ತು ಸಾವಿರ ಸರೋವರಗಳ ನಾಡು’ ಎಂಬುದು ಅದರ ಬಿರುದು. ಬಿರುದಾವಳಿಗಳಲ್ಲಿ ಅತಿಶಯೋಕ್ತಿ ಸಹಜ. ಇಲ್ಲಿ ಮಾತ್ರ ಬಿರುದೇ ನಿಜಕ್ಕಿಂತ ಕಡಿಮೆ. ಹತ್ತು ಎಕರೆಯೂ ಅದಕ್ಕೆ ಮೇಲ್ಪಟ್ಟೂ ವಿಸ್ತಾರವುಳ್ಳ ಸರೋವರಗಳನ್ನೇ ಎಣಿಸಿದರೂ 11,842 ಆಗುವುವು. ಪೂರ್ವದಲ್ಲಿ ಈ ನೆಲವನ್ನೆಲ್ಲ ಮುಚ್ಚಿದ್ದ ಹಿಮರಾಶಿಯು ಸರಿದು ಕರಗಿದಾಗ ಉಳಿದ ತಗ್ಗುಗಳೇ ಇಂದಿನ ಈ ಜಲಾಶಯಗಳು.

ಇಲ್ಲಿಯ ಆದಿನಿವಾಸಿಗಳಾದ ಡಕೋಟ ಜನರ ಮಾತಿನಲ್ಲಿ ‘ಮ್ನಿ’ ಎಂದರೆ ನೀರು. ಸಂಸ್ಥಾನದ ಹೆಸರು ಅದರಿಂದಲೇ ಬಂದುದು. 1851ರ ಒಪ್ಪಂದಗಳಿಂದ ಆ ಜನರ ಭೂಮಿಯ ಬಹುಭಾಗವು ಕೈಬಿಟ್ಟುಹೋಯಿತು. ಅವರಿಟ್ಟ ಹೆಸರುಗಳು ಮಾತ್ರ ನೀರಿನ ಮೇಲೆ ಉಳಿದುಕೊಂಡಿವೆ. ಮುಖ್ಯ ಪಟ್ಟಣವಾದ ಮಿನ್ನೆಯಾಪೊಲಿಸಿನ ಹೆಸರಿನಲ್ಲಿ ಡಕೋಟ ಮಾತಿನ ನೀರಿಗೆ ಗ್ರೀಕರ ‘ಪೊಲಿಸ್’ ಸೇರಿದೆ. ಈ ಪೊಲಿಸ್ ಶಬ್ದವು ನಮ್ಮ ಸಂಸ್ಕೃತದ ‘ಪುರ್’ ಎಂಬುದಕ್ಕೆ ದಾಯಾದಿ. ಆದುದರಿಂದ ಆ ಪಟ್ಟಣವನ್ನು ಜಲಪುರವೆಂದು ಕರೆದರೆ ತಪ್ಪಾಗಲಾರದು.

ಈ ಜಲಪುರದ ಸಮೀಪದಲ್ಲಿ ನಮ್ಮ ಮಗನು ಸಂಸಾರಸಮೇತನಾಗಿ ನೆಲೆಸಿರುವನು. ನಾವೂ ನಮ್ಮ ಮನೆಯವರೂ ಆರು ತಿಂಗಳು ಅಲ್ಲಿ ಇದ್ದೆವು. ಆ ಕಾಲದಲ್ಲಿ ಮನೆಯಲ್ಲಿ ಒಂದು ದೋಣಿಯನ್ನು ಕೊಳ್ಳುವ ಪ್ರಸಂಗ ಒದಗಿತು. ಅದರ ವಿಚಾರವಾಗಿ ಅಂಗಡಿ ಅಂಗಡಿ ತಿರುಗಿ ಕಂಡುದನ್ನೂ ಕಲಿತುದನ್ನೂ ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ. ದೋಣಿಯನ್ನು ಕೊಳ್ಳದವರೂ ಮನೆಗೆ ಬೇಕಾದ ಏನನ್ನಾದರೂ ಕೊಂಡೇ ಕೊಳ್ಳುವರಷ್ಟೆ.

ಅಲ್ಲಿ ಪೊಂಟೂನ್ ಎಂಬ ಒಂದು ಬಗೆಯ ದೋಣಿ ಬಹಳ ಪ್ರಚಾರದಲ್ಲಿದೆ. ಅಲ್ಯೂಮಿನಿಯಮ್ಮಿನ ಎರಡು ಉದ್ದ ಕೊಳವೆಗಳು ನೀರಿನ ಮೇಲೆ ತೇಲುವುವು. ಅವುಗಳ ಮೇಲೆ ಸಮತಟ್ಟಾದ ಅಟ್ಟ. ಅಟ್ಟದ ಸುತ್ತ ಕಟಕಟೆ, ಒಳಗೆ ಮೆತ್ತನೆಯ ಆಸನಗಳು, ಮೇಲೆ ಮಡಿಚಬಹುದಾದ ಬಟ್ಟೆಯ ಚಪ್ಪರ, ಹಿಂದೆ ಯಂತ್ರ. ಒಟ್ಟಿನಲ್ಲಿ, ನಮ್ಮ ಹಳೆಯ ಮನೆಯ ಜಗಲಿಯೊಂದು ಸಂಜೆಯ ಹೊತ್ತಿನಲ್ಲಿ ನೀರಿಗಿಳಿದು ಹೊರಟಂತೆ ಕಾಣುವುದು. ನಮ್ಮ ಹೊಳೆಗಳಲ್ಲಿಯೂ ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿ ಗಾಡಿಗಳನ್ನು ದಾಟಿಸುತ್ತಿದ್ದುದುಂಟು; ತತ್ತ್ವವು ಒಂದೇ. ಇದನ್ನು ವಿಹಾರಕ್ಕಾಗಿ ಮಾಡಿ ಮಾರಾಟಕ್ಕೆ ತಂದವನು ಈ ಸಂಸ್ಥಾನದ ರಿಚ್ಮಂಡ್ ಎಂಬ ಊರಿನ ಕಡೆಯ ಆಂಬ್ರೋಸ್ ವೀರಸ್ ಎಂಬ ರೈತನು. ಉಕ್ಕಿನ ಪೀಪಾಯಿಗಳನ್ನು ತುದಿಗೆ ತುದಿ ಬೆಸೆದು ಎರಡು ಸಾಲು ಮಾಡಿ, ಮೇಲೆ ಮರದ ಅಟ್ಟವನ್ನು ಕೂಡಿಸಿ, 1952ರ ಸುಮಾರಿನಲ್ಲಿ ಅವನು ಈ ಉದ್ಯಮವನ್ನು ಆರಂಭಿಸಿದನು. ಪೊಂಟೂನ್ ಶಬ್ದದ ಮೂಲವು ಸೇತುವೆಯೆಂಬರ್ಥದ ಲ್ಯಾಟಿನ್ ಶಬ್ದ. ಅದು ನಮ್ಮ ‘ಪಂಥಾಃ’, ಎಂದರೆ ದಾರಿ ಎಂಬ ಶಬ್ದದ ಬಂಧು.

ಈ ದೋಣಿಯೇ ಬೇಕೆನ್ನಲು ಮನೆಯಲ್ಲಿ ಕಾರಣವಿತ್ತು. ನಮ್ಮ ಮನೆಯವರಿಗೆ ಮಂಡಿನೋವು. ಸಾಮಾನ್ಯ ದೋಣಿಯ ಅಂಚನ್ನು ದಾಟಿ ಕೆಳಗಿಳಿಯುವುದು ಅವರಿಂದಾಗದು. ಪೊಂಟೂನಿಗಾದರೋ ದಡದ ಕಟ್ಟೆಯಿಂದ ಹೊಸ್ತಿಲು ದಾಟಿದಂತೆ ನಡೆದು ಹೋಗಬಹುದು. “ಅತ್ತೆಯವರೂ ಬರುವಂತಿದ್ದರೆ ಮಾತ್ರ ದೋಣಿ, ಇಲ್ಲವಾದರೆ ಬೇಡ” ಎಂದು ಸೊಸೆಯು ಮೊದಲೇ ಹೇಳಿಬಿಟ್ಟಿದ್ದಳು.

ಜನವರಿ ಮಾಸದಲ್ಲಿ ಮಿನ್ನೆಯಾಪೊಲಿಸಿನಲ್ಲಿ ದೋಣಿಗಳ ದೊಡ್ಡ ಪ್ರದರ್ಶನ ನಡೆಯುವುದು. ಹೊರಗೆ ಸರೋವರಗಳೆಲ್ಲ ಕಲ್ಲಿನಂತೆ ಹೆಪ್ಪುಗಟ್ಟಿ, ಅವುಗಳ ಮೇಲೆ ಮೋಟಾರುಗಳು ಓಡಾಡುತ್ತಿರುವುವು. ಜನರು ಮಂಜಿನ ಮೇಲೆ ಪುಟ್ಟ ಗುಡಿಸಲುಗಳನ್ನು ನಿಲ್ಲಿಸಿ, ತೂತು ಕೊರೆದು, ಮೀನು ಹಿಡಿಯುತ್ತ ಕುಳಿತಿರುವರು. ಒಳಗೆ ದೀಪಗಳ ಬೆಳಕಿನಲ್ಲಿ ಸಾಲು ಸಾಲಾಗಿ ಬೇಸಗೆಯ ದೋಣಿಗಳು! ನೀರೇ ಇಲ್ಲದ ಕಾಲದಲ್ಲಿ ದೋಣಿಯನ್ನು ನೋಡುವುದು ವಿಚಿತ್ರವೆನಿಸಿದರೂ ಅದರಲ್ಲಿ ಜಾಣತನವಿದೆ. ಗಿರಾಕಿಗಳು ಕಡಿಮೆಯಿರುವಾಗ ಚೌಕಾಸಿಗೆ ಎಡೆಯುಂಟು; ಮೇ ತಿಂಗಳಲ್ಲಿ ಎಲ್ಲರೂ ನೀರಿಗೆ ಓಡುವಾಗ ಅದು ನಡೆಯದು.

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿರುವರಷ್ಟೆ. ವ್ಯಾಪಾರಕ್ಕೂ ಈ ನಾಲ್ಕೂ ಬೇಕು. ಮೊದಲು ಬೆಲೆಗಳನ್ನು ಹೋಲಿಸುವ ಕೆಲಸವನ್ನು ಹಿಡಿದೆವು. ಒಂದೇ ಕಾರ್ಖಾನೆಯ, ಒಂದೇ ಅಳತೆಯ, ಇಪ್ಪತ್ತಡಿಯ ಹೊಸ ದೋಣಿಗೆ ಮೂರು ಅಂಗಡಿಗಳಲ್ಲಿ ಮೂರು ಬೆಲೆ. ಮೊದಲನೆಯವನು 28,900 ಡಾಲರುಗಳೆಂದನು, ಎರಡನೆಯವನು 32,900, ಮೂರನೆಯವನು 34,500. ನೋಡಿದೊಡನೆ ಮೊದಲನೆಯವನೇ ಧರ್ಮರಾಯನೆಂದು ತೋರುವುದು. ಆದರೆ ಅವನ ಬೆಲೆಯಲ್ಲಿ ದೋಣಿಯನ್ನು ಎಳೆದೊಯ್ಯುವ ಗಾಡಿ ಸೇರಿರಲಿಲ್ಲ, ಅದಕ್ಕೆ 3,500. ಕಾರ್ಖಾನೆಯಿಂದ ತಂದ ಸಾಗಣೆ ಮತ್ತು ಸಜ್ಜುಗೊಳಿಸಿದ ಖರ್ಚು 2,400. ಒಟ್ಟು 34,800 ಆಯಿತು. ಎರಡನೆಯವನಲ್ಲಿ ಸಾಗಣೆ ಸೇರಿತ್ತು. ಗಾಡಿಗೆ 3,200 ಕೂಡಿ 36,100. ಮೂರನೆಯವನ ಬೆಲೆಯಲ್ಲಿ ಎಲ್ಲವೂ ಅಡಕವಾಗಿತ್ತು. ಹೆಚ್ಚೆಂದು ಕಂಡುದೇ ಕಡಮೆಯಾಯಿತು! ಇದರ ಮೇಲೆ ಸಂಸ್ಥಾನದ ಮಾರಾಟ ತೆರಿಗೆ ನೂರಕ್ಕೆ 6.875ರಂತೆ ಸುಮಾರು 2,372 ಡಾಲರುಗಳು ಬೇರೆ. ಆದುದರಿಂದ, ಒಂದು ಹಾಳೆಯ ಮೇಲೆ ಗೆರೆಯೆಳೆದು, ಎಲ್ಲ ಅಂಗಡಿಗಳಿಗೂ ಅದೇ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಎದುರಿಗೇ ಬರೆದುಕೊಳ್ಳತಕ್ಕದ್ದು. ಯಂತ್ರದ ಬಲವೂ ಒಂದೇ ಆಗಿದೆಯೆ ಎಂದು ವಿಚಾರಿಸಬೇಕು. ಬಲ ಕಡಿಮೆಯಾದ ಯಂತ್ರವನ್ನು ಕೂಡಿಸಿ ಬೆಲೆಯನ್ನು ತಗ್ಗಿಸಿ ತೋರಿಸುವುದುಂಟು.

ಕೊಂಡ ಮೇಲಿನ ವೆಚ್ಚವು ಇನ್ನೊಂದು ಕಥೆ. ವಿಮೆ, ದಡದಲ್ಲಿ ಕಟ್ಟಿಹಾಕುವ ಸ್ಥಳದ ಬಾಡಿಗೆ, ಚಳಿಗಾಲಕ್ಕೆ ಮುಂಚೆ ಯಂತ್ರದ ನೀರನ್ನು ತೆಗೆದು ದೋಣಿಯನ್ನು ಸುತ್ತಿಡುವ ಕೂಲಿ, ಇಡುವ ಜಾಗ, ಎಲ್ಲ ಕೂಡಿ ವರ್ಷಕ್ಕೆ 2,600 ಡಾಲರುಗಳೆಂದು ಮಗನು ಲೆಕ್ಕ ಹಾಕಿದನು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಅಲ್ಲಿ ಇಂಥ ದೋಣಿಯನ್ನು ದಿನದ ಮಟ್ಟಿಗೆ ನಮಗೆ ಹೇಳಿದ ಬಾಡಿಗೆ 400 ಡಾಲರು. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಹೋಗದವನಿಗೆ, ದೋಣಿಯನ್ನು ಬಿಟ್ಟಿಯಾಗಿ ಕೊಟ್ಟರೂ ಬಾಡಿಗೆಯೇ ಲಾಭವೆಂದಾಯಿತು. ನೀರು ತೆರೆದಿರುವುದಾದರೋ ವರ್ಷದಲ್ಲಿ ಏಳೆಂಟು ತಿಂಗಳು. ಅದರಲ್ಲಿಯೂ ಹಿತವಾದ ವಾಯುಗುಣ ನಾಲ್ಕೈದು ತಿಂಗಳು ಮಾತ್ರ. ಮಗನ ಮನೆಯಿಂದ ಸರೋವರಕ್ಕೆ ಹತ್ತು ನಿಮಿಷದ ದಾರಿ. ಮಕ್ಕಳು ವಾರವಾರವೂ ಹೋಗುವರೆಂದು ಸೊಸೆಯು ಹೇಳಿದ ಮೇಲೆಯೇ ಕೊಳ್ಳುವ ಮಾತು ಮುಂದುವರಿಯಿತು.

ಇನ್ನು ಶಬ್ದಪ್ರಮಾಣ; ಎಂದರೆ ಮೊದಲೇ ಕೊಂಡವರ ಅಭಿಪ್ರಾಯಗಳು. ಅವು ರಾಶಿರಾಶಿಯಾಗಿ ಸಿಕ್ಕುವುವು. ಆದರೆ ಶಾಸ್ತ್ರವು ಪ್ರಮಾಣವೆಂದು ಒಪ್ಪುವುದು ಆಪ್ತವಾಕ್ಯವನ್ನು ಮಾತ್ರ. ವಿಷಯವನ್ನು ಬಲ್ಲವನೂ ವಂಚಿಸುವ ಇಚ್ಛೆಯಿಲ್ಲದವನೂ ಆಪ್ತನು. ಮೊನ್ನೆ ದೋಣಿಯನ್ನು ಕೊಂಡು ಇಂದು ಹೊಗಳುವವನಲ್ಲಿ ವಂಚನೆಯಿಲ್ಲ, ಆದರೆ ಬಲ್ಮೆಯೂ ಇಲ್ಲ. ಮಾರುವವನಲ್ಲಿ ಬಲ್ಮೆಯುಂಟು, ನಿಸ್ಪೃಹತೆ ಸಾಲದು. ಐದಾರು ಚಳಿಗಾಲಗಳನ್ನು ಕಳೆದ ದೋಣಿಯ ಒಡೆಯನೇ ಇಲ್ಲಿ ಆಪ್ತನು. ಅಂಥವರ ಮಾತುಗಳಲ್ಲಿ ಕೆಲವು ದೂರುಗಳು ಮತ್ತೆ ಮತ್ತೆ ಬಂದುವು: ಮರದ ಹಲಗೆಯ ಅಟ್ಟವು ನೀರು ಕುಡಿದು ಮೆತ್ತಗಾಗುವುದು, ಆಸನಗಳ ಹೊಲಿಗೆ ಬಿಸಿಲಿಗೆ ಬಿಡುವುದು, ದೋಣಿ ಹಗುರವಾಗಿ ಎತ್ತರವಾಗಿರುವುದರಿಂದ ದಡಕ್ಕೆ ತರುವಾಗ ಗಾಳಿ ಅದನ್ನು ಪಕ್ಕಕ್ಕೆ ತಳ್ಳುವುದು, ಜನರೆಲ್ಲ ಮುಂಭಾಗದಲ್ಲಿ ಕುಳಿತರೆ ದೊಡ್ಡ ಅಲೆಯೆದುರು ಮೂತಿ ಮುಳುಗುವುದು, ಬೇಸಗೆಯ ನಡುವೆ ಯಂತ್ರ ಕೆಟ್ಟರೆ ದುರಸ್ತಿಗೆ ವಾರಗಟ್ಟಲೆ ಕಾಯಬೇಕಾಗುವುದು. ಒಬ್ಬನು ಬೈದರೆ ಅದು ಅವನ ಅದೃಷ್ಟ. ಒಬ್ಬರನ್ನೊಬ್ಬರು ಅರಿಯದ ಹತ್ತು ಜನರು ಒಂದೇ ದೋಷವನ್ನು ಹೇಳಿದರೆ ಅದು ವಸ್ತುವಿನ ಸ್ವಭಾವ.

ಎಲ್ಲಕ್ಕಿಂತ ಮುಖ್ಯವಾದ ವಿಷಯವು ಬೆಲೆಪಟ್ಟಿಯಲ್ಲಿ ಕಾಣಿಸದು. ನಾವು ನೋಡಿದ ದೋಣಿಗಳಲ್ಲಿ ಒಂದು ಸಣ್ಣ ತಗಡು ಬಡಿದಿತ್ತು. ಎಷ್ಟು ಜನ, ಎಷ್ಟು ತೂಕ, ಎಷ್ಟು ಬಲದ ಯಂತ್ರ ಎಂಬುದನ್ನು ಅದರಲ್ಲಿ ಕೊರೆದಿರುವರು. ನಮಗೆ ಒಪ್ಪಿಗೆಯಾದ ಅಳತೆಯ ದೋಣಿಯಲ್ಲಿ “10 ಜನ, ಅಥವಾ 1,410 ಪೌಂಡು” ಎಂದಿತ್ತು. ಅಂಗಡಿಯವನು ಹತ್ತು ಜನವೆಂದು ಮಾತ್ರ ಹೇಳಿದನು. ನಮ್ಮ ಮನೆಯವರು ಮತ್ತು ನೆರೆಯ ಕನ್ನಡ ಕುಟುಂಬದವರು ಸೇರಿದರೆ ಸರಿಯಾಗಿ ಹತ್ತು. ಎಂಟು ಮಂದಿ ದೊಡ್ಡವರು, ಇಬ್ಬರು ಮಕ್ಕಳು. ಮಗನು ಸಂತೋಷಪಟ್ಟನು. ನಾವು ಮಾತ್ರ, ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸೆಂದೆವು. ನಗುತ್ತ ನಗುತ್ತ ಎಲ್ಲರೂ ನಿಂತರು. ಒಟ್ಟು 1,465 ಪೌಂಡುಗಳು! ಬುತ್ತಿ, ನೀರು, ಮಂಜುಗಡ್ಡೆಯ ಪೆಟ್ಟಿಗೆ ಇನ್ನೂ ಹೊರಗಿವೆ.

ಇದು ಹುಡುಗಾಟದ ಲೆಕ್ಕವಲ್ಲ. 24 ಅಂಗುಲ ವ್ಯಾಸದ ಇಪ್ಪತ್ತಡಿಯ ಕೊಳವೆಯೊಂದು ಪೂರ್ತಿ ಮುಳುಗಿದರೆ ಸುಮಾರು 3,900 ಪೌಂಡು ನೀರನ್ನು ಸರಿಸುವುದು. ಎರಡು ಕೊಳವೆಗಳು ಅರ್ಧರ್ಧ ಮುಳುಗಿದರೂ ಅಷ್ಟೇ. ದೋಣಿ, ಆಸನ, ಯಂತ್ರಗಳ ಭಾರವನ್ನು ಅದರಲ್ಲಿ ಕಳೆದರೆ ಜನರಿಗೆ ಉಳಿಯುವುದು ಸ್ವಲ್ಪ. 2004ನೆಯ ಇಸವಿ ಮಾರ್ಚಿ 6ರಂದು ಬಾಲ್ಟಿಮೋರ್ ಬಂದರಿನಲ್ಲಿ ‘ಲೇಡಿ ಡಿ’ ಎಂಬ ಪೊಂಟೂನ್ ದೋಣಿಯು 25 ಜನರನ್ನು ಹೊತ್ತು ಹೋಗುತ್ತಿರುವಾಗ, ಬಿರುಗಾಳಿ ಬೀಸಿ ಮಗುಚಿತು, ಐವರು ಮಡಿದರು. 25 ಜನರಿಗೆ ಪರವಾನಗಿ ಇದ್ದೇ ಇತ್ತು. ಆದರೆ ತಲೆಗೆ 140 ಪೌಂಡಿನಂತೆ ಹಳೆಯ ಲೆಕ್ಕ ಹಿಡಿದಿದ್ದರು, ಏರಿದವರ ತೂಕ ಅದಕ್ಕಿಂತ ಹೆಚ್ಚಾಗಿತ್ತು. ಅನಂತರ 2011ರಲ್ಲಿ ಆ ದೇಶದ ಕರಾವಳಿ ರಕ್ಷಣಾದಳದವರು ಪ್ರಯಾಣಿಕರ ದೋಣಿಗಳಿಗೆ ಈ ಎಣಿಕೆಯನ್ನು 185 ಪೌಂಡಿಗೆ ಏರಿಸಿದರು. ನಮ್ಮ ತಗಡಿನ ಲೆಕ್ಕವನ್ನು ಭಾಗಿಸಿ ನೋಡಿದರೆ ತಲೆಗೆ 141!

ಮೂರು ಕೊಳವೆಗಳ ದೊಡ್ಡ ದೋಣಿಯನ್ನು ಕೊಂಡರೆ ತೊಂದರೆಯಿಲ್ಲ. ಆದರೆ ಅದಕ್ಕೆ ಹದಿನೆಂಟು ಸಾವಿರ ಡಾಲರು ಹೆಚ್ಚು. ಸಾಲ ಮಾಡಿ ವಿಹಾರ ಮಾಡುವುದನ್ನು ನಾವು ಒಪ್ಪಲಿಲ್ಲ. ಮಗನಿಗಾದರೋ ಸಂಕೋಚ. ಮನೆಗೆ ಬಂದ ನಂಟರಿಗೆ “ನಿಮಗೆ ಜಾಗವಿಲ್ಲ” ಎನ್ನುವುದು ಹೇಗೆ? ನಮ್ಮ ಜನರ ವಾಡಿಕೆಯೇ ಹಾಗೆ: ಬಂಡಿಯಾಗಲಿ ಬಸ್ಸಾಗಲಿ, “ಸ್ವಲ್ಪ ಒತ್ತರಿಸಿ ಕೂತರಾಯಿತು” ಎನ್ನುವೆವು. ನೆಲದ ಮೇಲೆ ಆ ದಾಕ್ಷಿಣ್ಯವು ಗುಣ. ನೀರಿನ ಮೇಲೆ ಅದೇ ಅಪಾಯ. ನೀರಿಗೆ ದಾಕ್ಷಿಣ್ಯವಿಲ್ಲ.

ಈ ಗಂಟನ್ನು ಬಿಡಿಸಿದವರು ನಮ್ಮ ಮನೆಯವರು. “ಮದುವೆಮನೆಯಲ್ಲಿ ಜಾಗ ಸಾಲದಿದ್ದರೆ ಎರಡನೆಯ ಪಂಕ್ತಿ ಹಾಕುವುದಿಲ್ಲವೆ? ಅದಕ್ಕೆ ಯಾರಾದರೂ ಮುನಿಸಿಕೊಳ್ಳುವರೆ? ಒಂದು ಪಂಕ್ತಿ ಹೋಗಿಬರಲಿ, ಆಮೇಲೆ ಇನ್ನೊಂದು. ದಡದಲ್ಲಿದ್ದವರು ಕಾಫಿ ಕಾಯಿಸಲಿ” ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಒಮ್ಮೆಗೆ ಏಳೇ ಜನವೆಂದು ನಿರ್ಧಾರವಾಯಿತು.

ಏಪ್ರಿಲ್ಲಿನಲ್ಲಿ, ಮಂಜು ಕರಗಿದ ಮೇಲೆ, ಐದು ವರ್ಷ ಬಳಸಿದ, ಅದೇ ಅಳತೆಯ ದೋಣಿಯೊಂದು ಗಾಡಿಸಮೇತ 19,000 ಡಾಲರಿಗೆ ದೊರೆಯಿತು. ಪ್ರತ್ಯಕ್ಷ ಪ್ರಮಾಣವನ್ನು ಇಲ್ಲಿ ಬಿಡಲಿಲ್ಲ. ಬರಿಗಾಲಿನಲ್ಲಿ ಅಟ್ಟದ ಮೇಲೆಲ್ಲ ನಡೆದು ಮೆತ್ತನೆಯ ಸ್ಥಳವಿದೆಯೇ ಎಂದು ನೋಡಿದೆವು. ಬೆಸುಗೆಗಳನ್ನೂ ಕೊಳವೆಯ ತಗ್ಗುಗಳನ್ನೂ ಪರೀಕ್ಷಿಸಿದೆವು. ಮಾರುವವನಿಗೆ ಸಂಬಂಧವಿಲ್ಲದ ಯಂತ್ರಗಾರನನ್ನು ಕೂಲಿ ಕೊಟ್ಟು ಕರೆಸಿ, ನೀರಿನಲ್ಲಿ ಓಡಿಸಿ ನೋಡಿದ ಮೇಲೆಯೇ ಹಣ ಕೊಟ್ಟುದು.

ಮೇ ತಿಂಗಳ ಕೊನೆಯಲ್ಲಿ ಮಿನ್ನೆಟೋಂಕ ಸರೋವರದಲ್ಲಿ ಮೊದಲನೆಯ ಪಂಕ್ತಿ ಹೊರಟಿತು. ಸುಮಾರು 14,500 ಎಕರೆ ವಿಸ್ತಾರದ ಈ ಸರೋವರವು ಒಂದೇ ಬಯಲಾಗಿರದೆ, ಒಂದರೊಳಗೊಂದು ತೆರೆಯುವ ಕೊಲ್ಲಿಗಳ ಸರಮಾಲೆಯಾಗಿದೆ. ಒಂದು ಇಕ್ಕಟ್ಟಾದ ಸೇತುವೆಯ ಕೆಳಗೆ ನುಸುಳಿದರೆ ಇನ್ನೊಂದು ನೀರಿನ ಅಂಗಳ. ದಡದಲ್ಲಿ ಹೊಸ ಚಿಗುರಿನ ಮರಗಳು. ದೂರದಲ್ಲಿ ಲೂನ್ ಎಂಬ ಕರಿಬಿಳಿ ಹಕ್ಕಿ ಮುಳುಗಿ ಏಳುತ್ತಿತ್ತು. ಹತ್ತು ವರ್ಷ ತುಂಬದ ಮಕ್ಕಳು ತೇಲುವ ಅಂಗಿಯನ್ನು ತೊಡಲೇಬೇಕೆಂಬುದು ಅಲ್ಲಿಯ ಕಾಯಿದೆ. ದೊಡ್ಡವರಾದ ನಾವೂ ತೊಟ್ಟೆವು. ನಮ್ಮ ಮನೆಯವರು ಮಂಡಿಯ ನೋವನ್ನು ಮರೆತು, ಕಟಕಟೆಯ ಮೇಲೆ ಕೈಯಿಟ್ಟು, ಹೊಳೆಯೂರಿನ ತಮ್ಮ ಬಾಲ್ಯದ ಹರಿಗೋಲನ್ನು ಮೊಮ್ಮಕ್ಕಳಿಗೆ ವರ್ಣಿಸುತ್ತಿದ್ದರು. ಮರಳುವಾಗ ದೋಣಿಯ ನೀರನ್ನೆಲ್ಲ ಬಸಿದು, ಅಂಟಿದ ಪಾಚಿಯನ್ನು ತೆಗೆದು, ಅಡಿಯ ಬಿರಡೆಯನ್ನು ಬಿಚ್ಚಿದ ಮೇಲೆಯೇ ರಸ್ತೆಗೆ ಬರತಕ್ಕದ್ದು. ಹೊರಗಿನಿಂದ ಬಂದ ಒಂದು ಜಾತಿಯ ಚಿಪ್ಪುಹುಳು 2010ರಲ್ಲಿ ಈ ಸರೋವರದಲ್ಲಿ ಕಾಣಿಸಿಕೊಂಡಿತು. ಅದು ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಗಳ ಮೂಲಕ ಹರಡುವುದರಿಂದ ಈ ಕಟ್ಟುನಿಟ್ಟು.

ಗೃಹಸ್ಥರಾದವರು ಯಾವ ದೊಡ್ಡ ವಸ್ತುವನ್ನು ಕೊಳ್ಳುವಾಗಲೂ ಮೂರು ಸಂಗತಿಗಳನ್ನು ಮರೆಯಬಾರದು. ಹೇಳಿದ ಬೆಲೆಯನ್ನಲ್ಲ, ಮನೆ ಮುಟ್ಟಿದ ಬೆಲೆಯನ್ನು ಹೋಲಿಸಬೇಕು. ಹೊಗಳಿದವರ ಸಂಖ್ಯೆಯನ್ನಲ್ಲ, ಹೇಳಿದವರ ಆಪ್ತತೆಯನ್ನು ನೋಡಬೇಕು. ವಸ್ತುವು ಎಷ್ಟು ಹೊರಬಲ್ಲುದೆಂದು ತಿಳಿದು, ಅದಕ್ಕಿಂತ ಕೊಂಚ ಕಡಿಮೆಯನ್ನೇ ಹೊರಿಸಬೇಕು. ಈ ಕಡೆಯ ಮಾತು ದೋಣಿಗೆ ಹೇಗೋ ಸಂಸಾರದ ಹಣಕಾಸಿಗೂ ಹಾಗೆಯೇ.