ತಟ್ಟೆಯ ತೂಕ

ಮೋಟಾರು ಗಾಡಿಯ ಎಂಜಿನಿಗೂ ಅದರ ಗೇರುಪೆಟ್ಟಿಗೆಗೂ ನಡುವೆ ನಿಂತು, ಎರಡರ ಸೆಳೆತವನ್ನೂ ತಡೆದುಕೊಂಡು, ಯಾರ ಕಣ್ಣಿಗೂ ಬೀಳದೆ ಸವೆಯತಕ್ಕ ಉಕ್ಕಿನ ತಟ್ಟೆಯೊಂದುಂಟು. ಅಮೆರಿಕಾದವರು ಅದನ್ನು ಫ್ಲೆಕ್ಸ್‌ಪ್ಲೇಟು ಎನ್ನುವರು. ಕೈಯಿಂದ ಗೇರು ಬದಲಿಸುವ ಗಾಡಿಗಳಲ್ಲಿ ಆ ಸ್ಥಾನದಲ್ಲಿ ದಪ್ಪನೆಯ ಫ್ಲೈವೀಲು ಇರುವುದು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರೆಂಬ ಎಣ್ಣೆ ತುಂಬಿದ ಗುಂಡುಪಾತ್ರೆಯೇ ಆ ತೂಕವನ್ನು ಕೊಡುವುದರಿಂದ ತೆಳುವಾದ ತಟ್ಟೆ ಸಾಕು. ಅದು ತೆಳುವಾಗಿಯೇ ಇರಬೇಕು ಕೂಡ; ಕನ್ವರ್ಟರು ಎಣ್ಣೆಯ ಒತ್ತಡಕ್ಕೆ ಉಬ್ಬಿದಾಗ ತಟ್ಟೆಯು ಕೊಂಚ ಬಾಗಿ ಕೊಡದಿದ್ದರೆ ಮತ್ತೇನಾದರೂ ಮುರಿಯುವುದು.

ಆ ಗುಂಡುಪಾತ್ರೆಯ ರಹಸ್ಯವು ಮಜ್ಜಿಗೆ ಕಡೆದವರಿಗೆಲ್ಲ ಅರ್ಧ ತಿಳಿದಿದೆ. ಕಡೆಗೋಲು ತಿರುಗಿದರೆ ಮಜ್ಜಿಗೆ ಸುತ್ತುವುದು. ಹಿಡಿದುಕೊಳ್ಳುವವರಿಲ್ಲದಿದ್ದರೆ ಗಡಿಗೆಯೂ ಸುತ್ತತೊಡಗುವುದು. ಲೋಹಕ್ಕೆ ಲೋಹ ತಾಗದೆ ದ್ರವದ ಮೂಲಕವೇ ಶಕ್ತಿಯು ದಾಟಿದಂತಾಯಿತು. ಹರ್ಮನ್ ಫ್ಯೋಟಿಂಗರ್ ಎಂಬ ಜರ್ಮನ್ ಎಂಜಿನಿಯರನು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಹಡಗುಗಳಿಗಾಗಿ. ಉಗಿಯ ಟರ್ಬೈನಿನ ಅತಿವೇಗವನ್ನು ಪ್ರೊಪೆಲ್ಲರಿಗೆ ಒಗ್ಗುವಂತೆ ಇಳಿಸುವುದು ಅವನ ಉದ್ದೇಶವಾಗಿತ್ತು. ಮರಳುವ ಎಣ್ಣೆಯ ದಿಕ್ಕನ್ನು ನಡುವಣ ಇನ್ನೊಂದು ಚಕ್ರದಿಂದ ತಿರುಗಿಸಿದರೆ, ಗಾಡಿ ಹೊರಡುವ ಹೊತ್ತಿನಲ್ಲಿ ತಿರುಚುವ ಬಲವು ಸುಮಾರು ಇಮ್ಮಡಿಯಾಗುವುದು. 1948ರಲ್ಲಿ ಬ್ಯೂಕ್ ಗಾಡಿಗಳಲ್ಲಿ ಇದು ಬಂದ ಮೇಲೆ ಅಮೆರಿಕಾದ ಗೃಹಸ್ಥರು ಕ್ಲಚ್ಚನ್ನು ಮರೆಯತೊಡಗಿದರು.

ಒಹಾಯೋ ಪ್ರಾಂತ್ಯದ ಒಬ್ಬ ಉಪಾಧ್ಯಾಯನಿಗೆ ತಂದೆಯಿಂದ ಬಂದ ಆಸ್ತಿಯೆಂದರೆ ಷೆವ್ರೊಲೆಟ್ ಕಂಪೆನಿಯ ಹಳೆಯ ಪಿಕಪ್ ಗಾಡಿ ಒಂದೇ. ಎಂಜಿನು 400 ಘನ ಅಂಗುಲದ್ದು. 1970ರಲ್ಲಿ ಹೊರಬಂದ ಮಾದರಿ. ಒಂದು ಚಳಿಗಾಲ ಅದರೊಳಗಿನಿಂದ ಟಕಟಕನೆ ಸದ್ದು ಬರತೊಡಗಿತು. ರಿಪೇರಿಯ ಅಂಗಡಿಯವರು ಕೇಳಿ, ಬೇರಿಂಗು ಹೋಗಿದೆ, ಎಂಜಿನನ್ನೇ ಬದಲಿಸಬೇಕು ಎಂದು ತೀರ್ಪಿತ್ತರು. ಅವರು ಹೇಳಿದ ಹಣಕ್ಕೆ ಅಂಥ ಗಾಡಿಗಳು ಎರಡು ಬರುತ್ತಿದ್ದವು. ಗುಜರಿಯವನಿಗೆ ಹೇಳಿಕಳುಹಿಸುವುದೊಂದೇ ಬಾಕಿಯಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕನೊಬ್ಬನು, ಹರೆಯವೆಲ್ಲ ಗ್ಯಾರೇಜಿನಲ್ಲಿ ಕಳೆದವನು, ಬೇಲಿಯಾಚೆಯಿಂದಲೇ ಕಿವಿಗೊಟ್ಟು, ಗೇರಿಗೆ ಹಾಕು ಎಂದನು. ಹಾಕಿದೊಡನೆ ಸದ್ದಿನ ರೀತಿ ಬದಲಾಯಿತು. ಬೇರಿಂಗು ಹೋಗಿದ್ದರೆ ಹೀಗೆ ಬದಲಾಗದು, ಕೆಳಗಿನ ಮುಚ್ಚಳ ಬಿಚ್ಚಿ ನೋಡು ಎಂದನಂತೆ. ಟಾರ್ಚು ಬಿಟ್ಟು ನೋಡಿದರೆ ತಟ್ಟೆಯ ನಡುವೆ, ಎಂಜಿನಿನ ದಂಡಕ್ಕೆ ಬಿಗಿದ ಆರು ಬೋಲ್ಟುಗಳ ಸುತ್ತ, ಬಿರುಕು ಅರ್ಧಚಂದ್ರದಂತೆ ಓಡಿತ್ತು. ಹೀಗೆ ತಟ್ಟೆಯ ತಪ್ಪಿಗೆ ಎಂಜಿನಿಗೆ ಮರಣದಂಡನೆಯಾಗುವುದು ಆ ಕಸುಬಿನಲ್ಲಿ ಅಪರೂಪವಲ್ಲ.

ಹೊಸ ತಟ್ಟೆಯು ಮೂಲ ಕಂಪೆನಿಯದಲ್ಲ, ಬೇರೆ ಕಾರ್ಖಾನೆಯವರು ಮಾಡಿದ್ದು. ಉಪಾಧ್ಯಾಯನ ಹನ್ನೊಂದು ವರ್ಷದ ಮಗನು ಹಳೆಯದನ್ನೂ ಹೊಸದನ್ನೂ ನೆಲದ ಮೇಲಿಟ್ಟು ಸೀಮೆಸುಣ್ಣದಿಂದ ಗುರುತು ಮಾಡಿ ಅಂಚಿನ ಹಲ್ಲುಗಳನ್ನು ಎಣಿಸಿದನು. ಎರಡರಲ್ಲಿಯೂ 168. ಷೆವ್ರೊಲೆಟ್ಟಿನ ಈ ಜಾತಿಯ ಎಂಜಿನುಗಳಿಗೆ 153 ಹಲ್ಲಿನ ಚಿಕ್ಕ ತಟ್ಟೆಯೂ ಉಂಟು. ಅದು ಬಂದಿದ್ದರೆ ಸ್ಟಾರ್ಟರು ಹಲ್ಲಿಗೆ ಸಿಕ್ಕುತ್ತಿರಲಿಲ್ಲ. ಬೋಲ್ಟಿನ ತೂತುಗಳೂ ಸರಿಹೊಂದಿದವು. ತಂದೆಗೆ ಸಮಾಧಾನವಾಯಿತು. ಹುಡುಗನು ಮಾತ್ರ ಹಳೆಯ ತಟ್ಟೆಯಲ್ಲಿ ಬೆಸೆದಿದ್ದ ಉಕ್ಕಿನ ತುಂಡೊಂದನ್ನು ಮುಟ್ಟಿ, ಇದು ಹೊಸದರಲ್ಲಿ ಏಕಿಲ್ಲ ಎಂದು ಕೇಳಿದನು.

ಉತ್ತರ ಮುದುಕನಿಗೆ ತಿಳಿದಿತ್ತು. ಆ ಕಾಲದ ಈ ಜಾತಿಯ ಇತರ ಎಂಜಿನುಗಳ ತಿರುಗುದಂಡಗಳಿಗೆ ಸಮತೂಕದ ಭಾರವು ಒಳಗೇ ಇರುವುದು. 400ರಲ್ಲಿ ಪಿಸ್ಟನ್ನಿನ ಏರಿಳಿತ 3.75 ಅಂಗುಲವಾದ್ದರಿಂದ ಸಾಕಷ್ಟು ಭಾರಕ್ಕೆ ಒಳಗೆ ಎಡೆಯಿಲ್ಲ. ಕೊರತೆಯನ್ನು ಮುಂದೆ ಡ್ಯಾಂಪರಿಗೂ ಹಿಂದೆ ಈ ತಟ್ಟೆಗೂ ಹಂಚಿದ್ದಾರೆ. ಬರಿಯ ತಟ್ಟೆ ಹಾಕಿದ್ದರೆ ಎಂಜಿನು ಹೊತ್ತಿಕೊಂಡು ಓಡುತ್ತಿತ್ತು, ಆದರೆ ನಡುಗುತ್ತ ನಡುಗುತ್ತ ಈ ಸಲ ನಿಜವಾಗಿಯೇ ಬೇರಿಂಗುಗಳನ್ನು ತಿಂದುಹಾಕುತ್ತಿತ್ತು. ಅಂಗಡಿಯವನು ತಕರಾರಿಲ್ಲದೆ ಬದಲಿಸಿ ಕೊಟ್ಟನು.

ಇನ್ನೊಂದು ಗಂಡಾಂತರ ಬಿಗಿಯುವಾಗ ಬಂದಿತು. ಕನ್ವರ್ಟರಿನ ಕೊರಳು ಗೇರುಪೆಟ್ಟಿಗೆಯ ಮುಂದಣ ಎಣ್ಣೆಪಂಪಿನ ಕಚ್ಚುಗಳಲ್ಲಿ ಕೂರಬೇಕು. ತಿರುಗಿಸುತ್ತ ಒತ್ತಿದರೆ ಅದು ಮೆಟ್ಟಲಿಳಿದಂತೆ ಒಂದೊಂದೇ ಹಂತ ಒಳಗೆ ಕುಸಿಯುವುದು. ಎರಡು ಸಲ ಕುಸಿದದ್ದನ್ನೇ ಉಪಾಧ್ಯಾಯನು ಪೂರ್ತಿಯೆಂದು ತಿಳಿದು ಪೆಟ್ಟಿಗೆಯನ್ನು ಎಂಜಿನಿಗೆ ಎತ್ತಿ ಹಿಡಿದನು. ಅರ್ಧ ಅಂಗುಲ ಸಂದು ಉಳಿಯಿತು. ಬೋಲ್ಟು ತಿರುಗಿಸಿ ಎಳೆದುಕೊಂಡರಾಯಿತೆಂದು ಸ್ಪ್ಯಾನರು ಹಾಕಿದ್ದನು. ಮುದುಕನು ಮಾತಾಡಲಿಲ್ಲ, ಮಣಿಕಟ್ಟನ್ನೇ ಹಿಡಿದುಕೊಂಡನು. ಆ ಎಳೆತಕ್ಕೆ ಒಡೆಯತಕ್ಕದ್ದು ಪಂಪು. ಅದು ಒಡೆದರೆ ಪೆಟ್ಟಿಗೆಯನ್ನೆಲ್ಲ ಬಿಚ್ಚಬೇಕು. ಚಳಿಯಲ್ಲಿ ಬೆನ್ನ ಮೇಲೆ ಮಲಗಿ ಮೂರು ತಾಸು ಕಳೆದವನಿಗೆ ಮತ್ತೆ ಇಳಿಸೆಂದರೆ ಹೇಗಾಗಬೇಡ! ಆದರೂ ಇಳಿಸಿದರು. ಕನ್ವರ್ಟರನ್ನು ಮೆಲ್ಲಗೆ ತಿರುಗಿಸಿ ಒತ್ತಲು ಅದು ಮೂರನೆಯ ಸಲ ಧಡ್ಡೆಂದು ಕುಸಿಯಿತು.

ಈಗ ಪೆಟ್ಟಿಗೆ ಕೈಯೊತ್ತಿಗೇ ಎಂಜಿನಿಗೆ ಕೂಡಿತು. ಕನ್ವರ್ಟರನ್ನು ಹಿಂದಕ್ಕೆ ತಳ್ಳಿ, ಅದಕ್ಕೂ ತಟ್ಟೆಗೂ ನಡುವಣ ಅಂತರ ಅಳೆದರು. ಅದು 1/8 ಅಂಗುಲಕ್ಕೆ ಕಡಮೆಯಿರಬಾರದು, 3/16ನ್ನು ಮೀರಬಾರದು. ಕಡಮೆಯಾದರೆ ಉಬ್ಬಿದಾಗ ಪಂಪಿಗೆ ಒತ್ತುವುದು. ಹೆಚ್ಚಾದರೆ, ಮುಂದಕ್ಕೆ ಸೆಳೆದಾಗ ಕೊರಳು ಕಚ್ಚುಗಳಿಂದ ಸಡಿಲುವುದು, ಆಗ ನಡುವೆ ವಾಷರು ಕೊಟ್ಟು ಸರಿಮಾಡತಕ್ಕದ್ದು. ಇಲ್ಲಿ ವಾಷರು ಬೇಕಾಗಲಿಲ್ಲ. ಮೂರು ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಹಿಡಿಸಿ, ಆಮೇಲೆ ಬಿಗಿದರು.

ಮಾರನೆಯ ದಿನ ತಂದೆಮಕ್ಕಳಿಬ್ಬರೂ ಅದೇ ಗಾಡಿಯಲ್ಲಿ ಪೇಟೆಗೆ ಹೋದರು. ತಂದೆಯು ರೇಡಿಯೋ ಹಾಕಲು ಕೈಚಾಚಿದಾಗ ಹುಡುಗನು ಬೇಡವೆಂದನು. ಕತ್ತನ್ನು ಒಂದು ಕಡೆಗೆ ವಾಲಿಸಿ, ಕೆಳಗಿನಿಂದ ಸದ್ದೇನಾದರೂ ಬರುವುದೇ ಎಂದು ದಾರಿಯುದ್ದಕ್ಕೂ ಕೇಳುತ್ತ ಕುಳಿತಿದ್ದನು.