ಹೆಂಗಸರ ಟೀ ಅಂತ ಒಂದಿದೆಯಾ?

ಗಂಡಸರಿಗೆ ಸ್ಟ್ರಾಂಗ್ ಟೀ ಬೇಕು, ಹೆಂಗಸರಿಗೆ ಲೈಟಾಗಿ, ಸಿಹಿ ಮುಂದಾಗಿ ಇರಬೇಕು. ಯಾವ ಆಫೀಸಿನ ಪ್ಯಾಂಟ್ರಿಗೆ ಹೋದರೂ ಈ ಮಾತು ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತೆ. ಹೇಳುವವರು ಅದನ್ನ ನ್ಯೂಟನ್ನನ ನಿಯಮದ ಥರ ಹೇಳ್ತಾರೆ. ಈಚೆಗೆ ಅದಕ್ಕೆ ಹೊಸ ಕಂತೂ ಸೇರಿಕೊಂಡಿದೆ: ಗ್ರೀನ್ ಟೀ, ಲೆಮನ್ ಟೀ ಎಲ್ಲ ಲೇಡೀಸ್ ಡಿಪಾರ್ಟ್‌ಮೆಂಟು, ಕೆಳಗೆ ರಸ್ತೆ ಬದಿ ಗಾಡಿಯಲ್ಲಿ ಸಿಗೋದು ಗಂಡಸರ ಟೀ. ನಾಲಿಗೆಗೂ ಗಂಡು ಹೆಣ್ಣು ಅಂತ ಜಾತಿ ಇರುತ್ತಾ? ನನಗೆ ಈ ಅನುಮಾನ ಬಂದಿದ್ದು ಬೆಂಗಳೂರಿನಲ್ಲಲ್ಲ, ನಮ್ಮೂರಲ್ಲಿ.

ನಮ್ಮೂರು ಇರೋದು ತುರುವೇಕೆರೆ ತಾಲ್ಲೂಕಿನಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರೂ ಕಡೆಯವರಿಗೆ ತೆಂಗು ಬಿಟ್ಟು ಬೇರೆ ಮಾತಿಲ್ಲ. ಮದುವೆ, ಸಾಲ, ಮಕ್ಕಳ ಕಾಲೇಜು ಫೀಸು, ಎಲ್ಲದಕ್ಕೂ ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ರೇಟು ಎಷ್ಟಾಯ್ತು ಅನ್ನೋದೇ ಉತ್ತರ. ನನ್ನ ಬಿಇ ಓದಿಗೂ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯೇ ದುಡ್ಡು ಕೊಟ್ಟಿದ್ದು. ಇಷ್ಟು ತೆಂಗಿದ್ದೂ ನಾವೇನು ದಿನಾ ಎಳನೀರು ಕುಡಿಯೋ ಜನ ಅಲ್ಲ. ಎಳನೀರು ಕೆಡವಿದರೆ ಅಷ್ಟು ಕೊಬ್ಬರಿ ಕಮ್ಮಿಯಾಯ್ತು ಅಂತ ಲೆಕ್ಕ ಹಾಕೋರು ನಾವು. ನಮ್ಮ ದಿನ ಓಡೋದು ಟೀ ಮೇಲೆ.

ಟೀ ಮೇಲೆ ಅಂದೆ, ಆದರೆ ಒಂದೇ ಟೀ ಅಲ್ಲ. ನಮ್ಮ ಮನೆಯಲ್ಲಿ ಎರಡು ಟೀ ಇದ್ದವು.

ಬೆಳಿಗ್ಗೆ ಕರೆದ ಹಾಲು ಮೊದಲು ಡೈರಿಗೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗೋ ಆ ದುಡ್ಡಿನ ಮೇಲೇ ಮನೆಖರ್ಚು. ಡೈರಿ ಕ್ಯಾನಿಗೆ ಹೋಗದೆ ಉಳಿದ ಅರ್ಧ ಲೀಟರಿನಲ್ಲಿ ಮೊಸರಿಗೆ ಹೆಪ್ಪು ಹಾಕಬೇಕು, ಮಕ್ಕಳಿಗೆ ಕೊಡಬೇಕು, ಟೀಯೂ ಆಗಬೇಕು. ಮೊದಲ ಟೀ ಅಪ್ಪನಿಗೆ, ತಾತನಿಗೆ, ಬಂದ ನೆಂಟರಿಗೆ. ಒಳ್ಳೆ ಕೆಂಪು ಬಣ್ಣ, ಗಟ್ಟಿ ಹಾಲು, ಶುಂಠಿ ಇದ್ದರೆ ಶುಂಠಿ. ಅಮ್ಮ, ಅಜ್ಜಿ ಕುಡೀತಿದ್ದಿದ್ದು ಎರಡನೇದು. ಸೋಸಿದ ಚರಟವನ್ನ ವಾಪಸ್ ಪಾತ್ರೆಗೆ ಹಾಕಿ, ಮೇಲೆರಡು ಲೋಟ ನೀರು ಹುಯ್ದು, ಎಡೆಮಟ್ಟೆ ಉರಿಯಲ್ಲಿ ಇನ್ನೊಂದು ಸಲ ಕುದಿಸಿ, ಹಾಲಿನ ಪಾತ್ರೆ ತೊಳೆದ ನೀರನ್ನೇ ಅದಕ್ಕೆ ಬೆರೆಸಿ, ಸಕ್ಕರೆ ಒಂದು ಚಮಚ ಜಾಸ್ತಿ. ಡಿಕಾಕ್ಷನ್ ಇಲ್ಲದ ಕಡೆ ಸಕ್ಕರೆಯೇ ರುಚಿ.

ಲೈಟು, ಸಿಹಿ ಜಾಸ್ತಿ. ನೋಡಿದಿರಾ? ಪ್ಯಾಂಟ್ರಿಯಲ್ಲಿ ಹೇಳೋ 'ಹೆಂಗಸರ ಟೀ' ಇದೇ. ಮನೆಗೆ ಬಂದವರು ಅಮ್ಮನ ಲೋಟ ನೋಡಿದರೆ 'ಇವರಿಗೆ ಲೈಟ್ ಟೀ ಇಷ್ಟ' ಅಂತಲೇ ಅಂದುಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಅದು ಆಕೆ ಆರಿಸಿಕೊಂಡ ಆಪ್ಷನ್ ಅಲ್ಲ, ಡೀಫಾಲ್ಟ್ ಸೆಟ್ಟಿಂಗು. ಅದನ್ನ ಯಾರೂ ಬದಲಾಯಿಸದೆ ಮೂವತ್ತು ವರ್ಷ ಓಡಿದೆ ಅಷ್ಟೇ.

ಇನ್ನು ಗಂಡಸರ ಟೀ ನೋಡಬೇಕು ಅಂದರೆ ಕೆ.ಬಿ. ಕ್ರಾಸಿಗೆ ಬರಬೇಕು. ಕಿಬ್ಬನಹಳ್ಳಿ ಕ್ರಾಸು. ಬೆಂಗಳೂರಿಂದ ತಿಪಟೂರು, ಶಿವಮೊಗ್ಗ ಕಡೆ ಹೋಗೋ ರಸ್ತೆಗೆ ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆ ದಾರಿಗಳು ಬಂದು ಸೇರೋ ಜಾಗ. ಬಸ್ಸು ಬದಲಾಯಿಸೋರು, ಕಾಯಿ ಲೋಡು ತಂದೋರು, ಸುಮ್ಮನೆ ಬಂದೋರು ಎಲ್ಲರೂ ಅಲ್ಲಿ ಟೀ ಹೋಟ್ಲ ಮುಂದೆ. 'ಒಂದು ಬೈ ಟೂ', 'ಸ್ಪೆಷಲ್ ಹಾಕು', 'ಸಕ್ಕರೆ ಕಮ್ಮಿ', 'ಡಿಕಾಕ್ಷನ್ ಮುಂದಿರ್ಲಿ', 'ನೊರೆ ಬರಂಗೆ ಎತ್ತಿ ಹುಯ್ಯಣ್ಣ'. ಎಷ್ಟು ಬಾಯೋ ಅಷ್ಟು ಆರ್ಡರು. ಹೋಟ್ಲವನಿಗೆ ದಿನಾ ಬರೋ ಗಿರಾಕಿಯ ಮುಖ ಕಂಡರೆ ಸಾಕು, ಅವನ ಟೀ ಗೊತ್ತು.

ನಾವು ಹೆಣ್ಣುಮಕ್ಕಳು ಎಲ್ಲಿ? ಬಸ್ಸೊಳಗೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದೋವಾಗ ವಾರಕ್ಕೊಮ್ಮೆ ಊರಿಗೆ ಬರ್ತಿದ್ದೆ. ಜೊತೆಗಿದ್ದ ಅಪ್ಪ ಇಳಿದು ಹೋಟ್ಲಿಗೆ ಹೋಗಿ ಬರೋ ತನಕ ನಾನು ಕಿಟಕಿ ಪಕ್ಕ ಕೂತು ಲಗೇಜು ಕಾಯಬೇಕು. ಬೇಕು ಅಂದರೆ ಕಿಟಕಿಗೇ ಒಂದು ಕಪ್ಪು ತಂದುಕೊಡ್ತಿದ್ದರು. ಅವರು ತಂದಿದ್ದೇ ನನ್ನ ಟೀ. ಹೋಟ್ಲಿಗೆ ಹೆಂಗಸರು ಬರಬಾರದು ಅಂತ ಅಲ್ಲಿ ಬೋರ್ಡೇನೂ ಇರಲಿಲ್ಲ. ಬೋರ್ಡು ಬೇಕಾಗೂ ಇರಲಿಲ್ಲ. ಅಷ್ಟು ಜನ ಗಂಡಸರು ಬೀಡಿ ಹಚ್ಕೊಂಡು ರಸ್ತೆ ಕಡೆ ಮುಖ ಮಾಡಿ ನಿಂತಿದ್ದರೆ ಅದೇ ಬೋರ್ಡು.

ಇದು ನಮ್ಮ ಕ್ರಾಸಿನ ಕಥೆ ಮಾತ್ರ ಅಲ್ಲ. 1674ರಲ್ಲಿ ಲಂಡನ್ನಿನಲ್ಲಿ 'ಕಾಫಿ ವಿರುದ್ಧ ಹೆಂಗಸರ ಅರ್ಜಿ' ಅಂತ ಒಂದು ಕರಪತ್ರ ಬಂದಿತ್ತು. ಗಂಡಸರು ಕಾಫಿ ಹೌಸಿನಲ್ಲೇ ಬಿದ್ದಿರ್ತಾರೆ, ಮನೆಗೆ ಪ್ರಯೋಜನಕ್ಕೆ ಬರಲ್ಲ ಅನ್ನೋ ಗೇಲಿಯ ಬರಹ. ಆ ಕಾಫಿ ಹೌಸುಗಳೂ ಹೆಚ್ಚುಕಮ್ಮಿ ನಮ್ಮ ಕೆ.ಬಿ. ಕ್ರಾಸಿನಂಥವೇ. ಬರೀ ಗಂಡಸರ ಹರಟೆ. ಅಲ್ಲಿ ಬದಲಾವಣೆ ಬರೋಕೆ ಇನ್ನೂರು ವರ್ಷ ಹಿಡೀತು. 1864ರಲ್ಲಿ ಏರೇಟೆಡ್ ಬ್ರೆಡ್ ಕಂಪನಿ ಅನ್ನೋ ಬ್ರೆಡ್ ವ್ಯಾಪಾರದವರು ಟೀ ಅಂಗಡಿ ತೆಗೆದರು. ಅಂಥ ಅಂಗಡಿಗಳು ಹೆಚ್ಚಾದ ಮೇಲೆ, ಜೊತೆಗೆ ಗಂಡಸಿಲ್ಲದೆ ಹೆಂಗಸರು ಹೊರಗೆ ಕೂತು ಟೀ ಕುಡಿಯೋದು ಮಾಮೂಲಾಯ್ತು.

ನಮ್ಮ ದೇಶದಲ್ಲಿ ಟೀ ಹರಡಿದ ದಾರಿ ನೋಡಿದರೂ ಅಷ್ಟೇ. 1903ರಲ್ಲಿ ಟೀ ರಫ್ತಿನ ಮೇಲೆ ಸೆಸ್ ಹಾಕಿ, ಆ ದುಡ್ಡಲ್ಲಿ ಪ್ರಚಾರ ಶುರು ಮಾಡಿದರು. ರೈಲ್ವೆ ಸ್ಟೇಷನ್ನು, ಗಿರಣಿ, ಬಜಾರು, ಹೀಗೆ ಗಂಡಸರು ಸೇರೋ ಕಡೆಗಳಲ್ಲೇ ಅದು ಮೊದಲು ಬೇರು ಬಿಟ್ಟಿತು. ಪೋಸ್ಟರುಗಳಲ್ಲಿ ಮಾತ್ರ ಹೆಂಗಸರಿದ್ದರು. 1947ರಲ್ಲಿ ಕಲಾವಿದ ಅನ್ನದಾ ಮುನ್ಷಿ ಟೀ ನೂರಕ್ಕೆ ನೂರು ಸ್ವದೇಶಿ ಅಂತ ಸಾರೋ ಪೋಸ್ಟರು ಬರೆದರು. ಅದರಲ್ಲಿ ಚರಕದ ಮುಂದೆ ಕೂತಿರೋದು ಒಬ್ಬ ಹೆಂಗಸು, ಜೊತೆಗೆ ಟೀ. ಚಿತ್ರದಲ್ಲಿ ಕೂತು ಕುಡಿಯೋಕೆ ಜಾಗ ಇತ್ತು, ಕ್ರಾಸಿನಲ್ಲಿ ಇರಲಿಲ್ಲ.

ಹಾಗಾದರೆ ಸಿಹಿ? ಹೆಂಗಸರಿಗೆ ಸಿಹಿ ಇಷ್ಟ ಅನ್ನೋದಾದರೂ ನಿಜವಾ?

ಕೊಬ್ಬರಿ ಕಾಲದಲ್ಲಿ ನಮ್ಮ ಮನೆಗೆ ಆಳು ಬರ್ತಾರೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನೋ ಕಾಯನ್ನ ಕೆಳಗಿಳಿಸಿ ಮಟ್ಟೆ ಸುಲಿಯೋದು ಗಂಡಾಳು. ಚಿಪ್ಪು ಒಡೆದು, ಒಳಗಿನ ಉಂಡೆಗೆ ಪೆಟ್ಟಾಗದಂಗೆ ಬಿಡಿಸೋದು ಹೆಣ್ಣಾಳು. ಉಂಡೆ ಒಡೆದರೆ ರೇಟು ಬಿತ್ತು. ಅಷ್ಟು ನಾಜೂಕಿನ ಕೆಲಸ. ಹನ್ನೊಂದು ಗಂಟೆಗೆ ಗಂಡಾಳುಗಳು ಎದ್ದು ಹೋಟ್ಲಿಗೆ ಹೋಗಿ ಬೋಂಡ, ಟೀ ಮುಗಿಸ್ಕೊಂಡು ಬರ್ತಾರೆ. ಹೆಣ್ಣಾಳುಗಳಿಗೆ ಕೂತಲ್ಲಿಗೇ ನಾವು ಟೀ ಒಯ್ಯೋದು. ಲೋಟ ಕೊಡೋವಾಗ ಒಬ್ಬ ಅಕ್ಕ ಯಾವಾಗಲೂ ಒಂದೇ ಮಾತು ಹೇಳೋರು: "ಇನ್ನೊಂದು ಚಮಚ ಸಕ್ರೆ ಹಾಕವ್ವ, ಊಟದ ತನಕ ಹೊಟ್ಟೆ ತಡೀಬೇಕಲ್ಲ."

ಅವರಿಗೆ ಸಿಹಿ ಇಷ್ಟವೋ ಇಲ್ಲವೋ, ಆ ಮಾತಿನಲ್ಲಿ ಇದ್ದಿದ್ದು ಹಸಿವಿನ ಲೆಕ್ಕ. ಬೆಳಿಗ್ಗೆ ಮನೆಯವರಿಗೆಲ್ಲ ಬಡಿಸಿ, ತಾವು ಟೀ ಮಾತ್ರ ಕುಡಿದು ಬಂದಿರ್ತಾರೆ. ಬೋಂಡದ ಕೆಲಸವನ್ನೂ ಆ ಸಕ್ಕರೆಯೇ ಮಾಡಬೇಕು.

ನಮ್ಮಮ್ಮನಿಗೆ ಎಂಥ ಟೀ ಇಷ್ಟ ಅನ್ನೋದು ನಮ್ಮನೆಯವರಿಗೆ ಗೊತ್ತಾಗಿದ್ದು ಆಕೆಗೆ ಐವತ್ತೆಂಟಾದಾಗ. ಕಣ್ಣು ತೋರಿಸೋಕೆ ತಿಪಟೂರಿಗೆ ಕರ್ಕೊಂಡು ಹೋಗಿದ್ದೆ. ಕಣ್ಣಿಗೆ ಡ್ರಾಪ್ಸ್ ಹಾಕಿ ಒಂದು ಗಂಟೆ ಬಿಟ್ಟು ಬನ್ನಿ ಅಂದರು. ಹೊರಗೆ ಬಂದು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅಂಗಡಿಯ ಹುಡುಗ ಮಾಮೂಲಿನಂತೆ ಕೇಳಿದ: "ಹೆಂಗಿರ್ಬೇಕಮ್ಮ ಟೀ?"

ಅಮ್ಮ ನನ್ನ ಮುಖ ನೋಡಿದರು. ನಾನೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಡಿಕಾಕ್ಷನ್ ಜಾಸ್ತಿ ಹಾಕಪ್ಪ. ಸಕ್ರೆ ಅರ್ಧ ಸಾಕು" ಅಂದರು. ಆಮೇಲೆ ಏನೋ ನೆನಪಾದವರ ಹಾಗೆ, "ಶುಂಠಿ ಐತೇನಪ್ಪ?" ಅಂತಲೂ ಕೇಳಿದರು.

ಅವನು ಹಾಗೇ ಮಾಡಿಕೊಟ್ಟ. ಅಮ್ಮ ಒಂದು ಗುಟುಕು ಕುಡಿದು, ಮಬ್ಬಾದ ಕಣ್ಣಲ್ಲೇ ಲೋಟದ ಬಣ್ಣ ನೋಡೋಕೆ ನೋಡಿದರು. "ಟೀ ಅಂದ್ರೆ ಇದು ಕಣೇ. ನಿಮ್ಮಪ್ಪ ದಿನಾ ಕ್ರಾಸಿಗೆ ಯಾಕೆ ಓಡ್ತಾರೆ ಅಂತ ಈಗ ಗೊತ್ತಾಯ್ತು ನಂಗೆ."

ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಪ್ಯಾಂಟ್ರಿ ಪಂಡಿತರ ಪ್ರಕಾರ ಅಮ್ಮ ಕೇಳಿದ್ದು ಪಕ್ಕಾ ಗಂಡಸರ ಟೀ. ಆ ರುಚಿ ಆ ನಾಲಿಗೆಯಲ್ಲಿ ಅವತ್ತು ಹುಟ್ಟಿದ್ದಲ್ಲ. ದಿನಾ ಬೆಳಿಗ್ಗೆ ಮೊದಲ ಟೀಗೆ ಶುಂಠಿ ಜಜ್ಜಿ ಹಾಕ್ತಿದ್ದ ಕೈಗೆ ಅದರ ಹದ ಗೊತ್ತಿಲ್ಲದೆ ಇರುತ್ತಾ? ಇಷ್ಟು ವರ್ಷ ಆಕೆ ತನಗೆ ಇಷ್ಟವಾದ ಟೀಯನ್ನೇ ಮಾಡ್ತಿದ್ದರು. ಕುಡೀತಿದ್ದಿದ್ದು ಬೇರೆಯವರು.

ಇದು ಬರೀ ರುಚಿಯ ವಿಷಯ ಆಗಿದ್ದರೆ ಇಷ್ಟು ಬರೀತಿರಲಿಲ್ಲ. ಕಣ್ಣಿನ ಚಿಕಿತ್ಸೆಗೆ ಮೊದಲು ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಅಮ್ಮನ ಹಿಮೋಗ್ಲೋಬಿನ್ ಕಮ್ಮಿ ಬಂತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಟೀ ಕುಡೀತೀರ? ಊಟದ ಹಿಂದೆಯೇ ಕುಡೀತೀರಾ?" ಟೀಯಲ್ಲಿರೋ ಟ್ಯಾನಿನ್ ಥರದ ಅಂಶಗಳು ಸೊಪ್ಪು, ಕಾಳು, ರಾಗಿಯಲ್ಲಿರೋ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡಲ್ಲ. ಮುದ್ದೆ ಉಂಡು ಹಿಂದೆಯೇ ಟೀ ಕುಡಿದರೆ ಉಂಡಿದ್ದು ಅಷ್ಟರಮಟ್ಟಿಗೆ ದಂಡ. ತಿಂಡಿ ಬದಲು ಟೀ ಕುಡಿದರೆ ಕೇಳೋದೇ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ 25. ಇದಕ್ಕೆಲ್ಲ ಟೀಯೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಕೊನೆಯಲ್ಲಿ ಉಣ್ಣೋರು, ಉಳಿದಿದ್ದು ಉಣ್ಣೋರು, ಹಸಿವಾದಾಗ ಎರಡನೇ ಚರಟದ ಟೀ ಕುಡಿದು ಹೊಟ್ಟೆ ಸುಮ್ಮನಿರಿಸೋರು ಯಾರು ಅಂತ ಆ ಎರಡು ಅಂಕಿ ನೋಡಿದರೆ ಗೊತ್ತಾಗುತ್ತೆ.

ಈಗ ನಮ್ಮ ಮನೆಯಲ್ಲಿ ಎರಡನೇ ಚರಟ ನಿಂತಿದೆ. ಬೆಳಿಗ್ಗೆ ಅಮ್ಮನಿಗೆ ಮೊದಲು ತಿಂಡಿ, ಒಂದು ಗಂಟೆ ಬಿಟ್ಟು ಟೀ, ಅದೂ ಮೊದಲ ಡಿಕಾಕ್ಷನ್ನಿನದು. ಡೈರಿಗೆ ಅರ್ಧ ಲೀಟರು ಕಮ್ಮಿ ಹೋಗುತ್ತೆ. ಅಪ್ಪ ಬಟವಾಡೆ ದಿನ ಸ್ವಲ್ಪ ಗೊಣಗ್ತಾರೆ. ಗೊಣಗಲಿ ಬಿಡಿ.

ಕೆ.ಬಿ. ಕ್ರಾಸೂ ಸ್ವಲ್ಪ ಬದಲಾಗ್ತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳೀತು. ದೇವಸ್ಥಾನಕ್ಕೆ, ಆಸ್ಪತ್ರೆಗೆ, ತವರಿಗೆ ಅಂತ ಗುಂಪು ಗುಂಪಾಗಿ ಓಡಾಡ್ತಾರೆ. ಉಳಿದ ದುಡ್ಡಲ್ಲಿ ಒಂದು ಟೀ ಬರುತ್ತೆ. ಹೋದ ಸಲ ಊರಿಗೆ ಹೋದಾಗ ಆರೇಳು ಜನ ಹೆಂಗಸರು ಹೋಟ್ಲ ಮುಂದೆ ನಿಂತು ಆರ್ಡರು ಮಾಡ್ತಿದ್ದರು. ಒಬ್ಬರಿಗೆ ಸ್ಟ್ರಾಂಗು, ಒಬ್ಬರಿಗೆ ಸಕ್ಕರೆ ಬೇಡ, ಶುಗರ್ ಐತೆ. ಇನ್ನೊಬ್ಬರಿಗೆ ಸಕ್ಕರೆ ಎರಡು ಚಮಚ, ನಿಜವಾಗಲೂ ಇಷ್ಟ. ಒಬ್ಬಜ್ಜಿಗೆ ಟೀಯೇ ಬೇಡ, ಕಾಫಿಯೇ ಆಗಬೇಕು. ಹೋಟ್ಲವನು ತಲೆ ಕೆರ್ಕೊಂಡು ಇನ್ನೊಂದು ಸಲ ಕೇಳ್ತಿದ್ದ: "ಯಾರ್‌ಯಾರಿಗೆ ಏನೇನು, ಸರಿಯಾಗಿ ಹೇಳ್ರಮ್ಮ!"